ದುರುಗಮ್ಮನ ಕಣ್ಣು ತೆರೆಸಿದ್ದು

ಮಾನ್ವಿಯ ಪಶು ಆಸ್ಪತ್ರೆಯ ಜವಾನ ಕನಕರಾಯ ತನ್ನ ತಾಯಿಯ ಕಣ್ಣು ಹೇಗಿದ್ದವು ಎಂದು ವಿಚಾರ ಮಾಡಲು ಶುರು ಮಾಡಿದ್ದು ಆಕೆಯನ್ನು ಮಣ್ಣು ಮಾಡಿ ಬಂದ ಮೇಲೆ. ಇದಕ್ಕಾಗಿ ಯಾರೂ ಅವನನ್ನು ಬೈಯಬಾರದು. ದುರುಗಮ್ಮ ಬದುಕಿದ್ದಾಗ ಆಕೆಯ ಕಣ್ಣು ನೋಡುವ ಅಗತ್ಯ ಊರಲ್ಲಿ ಯಾರಿಗೂ ಬಿದ್ದಿರಲಿಲ್ಲ. ಆಕೆಯ ಕೈ ನೋಡಿದವರಿದ್ದರು. ಕೈಯಲ್ಲಿನ ಕಸಬರಿಗೆ ನೋಡಿದವರಂತೂ ಬಹಳ ಜನ ಇದ್ದರು. ಬಸವಲಿಂಗ ಸಾಹುಕಾರರ ರೈಸ್ ಮಿಲ್ಲಿನ ಅಂಗಳವನ್ನು ಜನ್ಮವಿಡೀ ಗುಡಿಸಿ, ನುಚ್ಚು ಕೇರಿ, ಅವರ ಮನೆಯ ಹಿತ್ತಲಲ್ಲಿ ಮುಸುರೆ ತಿಕ್ಕಿದ ಆ ಹೆಂಗಸು ಸದಾ ನೆಲ ನೋಡುತ್ತ ನಡೆದಳು. ನೆಲಕ್ಕೆ ಬಿದ್ದ ಅಕ್ಕಿ ಆರಿಸುವವಳಿಗೆ ತಲೆ ಎತ್ತಿ ಆಗಬೇಕಾದದ್ದೇನು ಎಂದು ಎಲ್ಲರೂ ತಿಳಿದಿದ್ದರು. ತಿಳಿದದ್ದು ತಪ್ಪು ಎಂದು ಗೊತ್ತಾಗಲು ಆಕೆ ಸಾಯಬೇಕಾಯಿತು.

ಸಾಯುವ ಮುಂಚೆ ಆಕೆ ಮಗನನ್ನು ಹತ್ತಿರ ಕರೆದು ಒಂದು ಮಾತು ಹೇಳಿದ್ದಳು.

"ನಂದೊಂದು ಫೋಟೊ ಬಾಗಲಕ್ಕ ಎದರಿಗೆ ಹಾಕಪ್ಪ. ಒಳಗ ಬಂದವ್ರ ಮಾರಿ ನೋಡಬೇಕು ನಾ. ಹುಟ್ಟಿದಾಗಿಂದ ಬರೇ ಮಂದಿ ಕಾಲು ನೋಡೀನಿ."

"ಹಾಕ್ತೀನಿ ಬೇ," ಎಂದು ಕನಕರಾಯ ಅವಳ ಕೈ ಹಿಡಿದು ಮಾತು ಕೊಟ್ಟ. ವರ್ಷದ ಎಡೆ ಇಡುವ ದಿನಕ್ಕೆ ಫೋಟೊ ಗೋಡೆಯ ಮೇಲಿರಬೇಕು ಎಂದು ಆವತ್ತೇ ನಿಶ್ಚಯವಾಯಿತು. ಮಾತು ಕೊಡುವಾಗ ಅವನಿಗೆ ಒಂದು ಸಂಗತಿ ಹೊಳೆಯಲಿಲ್ಲ. ಅವ್ವನ ಫೋಟೊ ಎಂಬುದೇ ಮನೆಯಲ್ಲಿ ಇರಲಿಲ್ಲ.

ಆಮೇಲೆ ಆಕೆ ಸತ್ತಳು. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಬದುಕಿದ್ದಾಗ ಯಾರ ಮುಂದೆಯೂ ಕೂಡಲು ಬಿಡದವರನ್ನೂ ಸತ್ತ ಮೇಲೆ ಕೂಡಿಸುತ್ತೇವೆ. ದುರುಗಮ್ಮನನ್ನೂ ಗೋಡೆಗೆ ಆನಿಸಿ, ಎದೆಗೊಂದು ಧೋತರ ಸುತ್ತಿ ಗೂಟಕ್ಕೆ ಕಟ್ಟಿ, ಹೆಗಲಿಗೆ ಕಂಬಳಿ, ಹಣೆಗೆ ಭಂಡಾರ, ಬಾಯಿಗೆ ಎಲೆಯಡಿಕೆ ಇಟ್ಟು ಕೂಡಿಸಿದರು. ಮಗ, ಸೊಸೆ, ನೆರೆಹೊರೆಯವರು ಎರಡೂ ಬದಿಗೆ ನಿಂತರು. ಸ್ಟುಡಿಯೋದ ಖಾಜಾಮಿಯಾ ಬಂದು ಫೋಟೊ ಹೊಡೆದ. ಎಲ್ಲರೂ ನೆಟ್ಟಗೆ ಕ್ಯಾಮೆರಾ ನೋಡಿದರು, ದುರುಗಮ್ಮನೊಬ್ಬಳ ಹೊರತು.

ಸತ್ತವರ ಕಣ್ಣು ತೆರೆಸುವುದು ಖಾಜಾಮಿಯಾನಿಗೆ ದಿನದ ಕೆಲಸ. ಈ ಸೀಮೆಯಲ್ಲಿ ಬಡವರಿಗೆ ಫೋಟೊದ ನೆನಪಾಗುವುದು ಹೆಣ ಎತ್ತುವಾಗಲೇ ಆದ್ದರಿಂದ, ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರು ಅವನು ತೆರೆಸಿದ ಕಣ್ಣಿನಿಂದಲೇ ಮೊಮ್ಮಕ್ಕಳನ್ನು ನೋಡುತ್ತಿದ್ದಾರೆ.

"ನೋಡ್ ಭಾಯಿ, ನನ್ನ ಕಂಪ್ಯೂಟರಿನ್ಯಾಗ ಹೆಣ್ಮಕ್ಕಳ ಕಣ್ಣು ಮೂರು ನಮೂನಿ ಅದಾವ," ಎಂದ ಖಾಜಾಮಿಯಾ. "ಮದಲಗಿತ್ತಿ ಕಣ್ಣು, ದೇವಿ ಕಣ್ಣು, ಸಾಲಿ ಐಡಿ ಕಾರ್ಡಿನ ಕಣ್ಣು. ಯಾವ್ದು ಹಚ್ಚಲಿ?"

ಕನಕರಾಯ ಮೊದಲು ಮದುವಣಗಿತ್ತಿಯ ಕಣ್ಣು ಹಚ್ಚಿಸಿ ಮನೆಗೆ ತಂದ. ಹೆಂಡತಿ ಭಾಗ್ಯಜ್ಯೋತಿ ಬಾಗಿಲಲ್ಲೇ ನಿಂತು ನೋಡಿದಳು.

"ಅತ್ತಿ ಕಾಡಿಗಿ ಹಚ್ಕೊಂಡು ಯಾರ ಮನಿಗೆ ನಡಿಯಾಕ ಹೊಂಟಾಳ? ಒಯ್ದು ವಾಪಸ್ ಕೊಡ್ರಿ."

ದೇವಿಯ ಕಣ್ಣು ಹಚ್ಚಿಸಿ ತಂದ. ಪಕ್ಕದ ಮನೆಯ ಮುದುಕಿ ಕೈ ಮುಗಿದು, ಮೊಣಕಾಲ ನೋವು ಕಡಿಮೆ ಮಾಡವ್ವ ಎಂದು ಬೇಡಿಕೊಂಡು ಹೋದಳು. ಶಾಲೆಯ ಕಣ್ಣಿನಲ್ಲಿ ದುರುಗಮ್ಮ ಗಣಿತದಲ್ಲಿ ನಪಾಸಾದವಳಂತೆ ಹೆದರಿ ಕುಳಿತಿದ್ದಳು. ಖಾಜಾಮಿಯಾ ಕೈಚೆಲ್ಲಿದ.

"ನಿಮ್ಮವ್ವನ ಕಣ್ಣು ಹೆಂಗಿದ್ವು ಅದನ್ನರೆ ಹೇಳು."

ಕನಕರಾಯ ಬಹಳ ಹೊತ್ತು ಯೋಚಿಸಿ ಉತ್ತರ ಕೊಟ್ಟ. "ಅವ್ವನ ಕಣ್ಣಿನಂಗ ಇದ್ವು."

ಆಗ ಯಾರೋ ಅವನ ತಲೆಯಲ್ಲಿ ಹುಳ ಬಿಟ್ಟರು. ಆಧಾರ್ ಮಾಡಿಸುವಾಗ ಮಿಷಿನ್ ಹಚ್ಚಿ ಕಣ್ಣು ತೆಗೆದುಕೊಂಡಿರುತ್ತಾರೆ, ಸರ್ಕಾರದ ಹತ್ತಿರ ಇರಲೇಬೇಕು ಎಂದರು. ಕಾರ್ಡಿನ ಮೇಲಿನ ಫೋಟೊದಲ್ಲಿ ದುರುಗಮ್ಮನ ಮುಖ ಒಂದು ಕರಿ ಮಚ್ಚೆಯಾಗಿತ್ತು, ನಿಜ. ಆದರೆ ಕಣ್ಣು ಒಳಗಿದ್ದವು. ಕನಕರಾಯ ರಜೆ ಹಾಕಿ ಸೇವಾ ಕೇಂದ್ರದ ಸಾಲಿನಲ್ಲಿ ನಿಂತ.

"ನಮ್ಮವ್ವನ ಕಣ್ಣು ನಿಮ್ಮತ್ರ ಅದಾವಂತಲ್ರಿ."

ಕಂಪ್ಯೂಟರಿನ ಮುಂದಿದ್ದ ಹುಡುಗಿ ಸರ್ಕಾರಿ ಗಾಂಭೀರ್ಯದಿಂದ ತಲೆಯಾಡಿಸಿದಳು. "ಅದಾವ್ರಿ. ಕೊಡಾಕ ಬರಂಗಿಲ್ಲ. ಅದು ಗುಪ್ತ ಇರ್ತದ."

"ನಮ್ಮವ್ವಂದು ನಮಗ ಗುಪ್ತ ಏನ್ರಿ?"

"ಸುರಕ್ಷಿತ ಇಟ್ಟಿರ್ತಾರ್ರಿ. ಅವ್ರನ್ನ ಕರಕೊಂಡು ಬರ್ರಿ, ಕಣ್ಣು ಹೊಂದ್ತಾವಿಲ್ಲೋ ನೋಡಿ ಹೇಳ್ತೀವಿ."

"ಅಕಿ ಸತ್ತಾಳ್ರಿ."

"ಹಂಗಾದ್ರ ಹೊಂದಂಗಿಲ್ಲ ಬಿಡ್ರಿ," ಎಂದು ಆ ಹುಡುಗಿ ಹಿಂದಿನವನನ್ನು ಕರೆದಳು.

ದುರುಗಮ್ಮನ ಕಣ್ಣನ್ನು ಈ ದೇಶ ಅಷ್ಟು ಜೋಪಾನವಾಗಿ ಇಟ್ಟುಕೊಂಡಿದೆ ಎಂದು ತಿಳಿದು ಕನಕರಾಯನಿಗೆ ಹೆಮ್ಮೆಯಾಗಬೇಕಿತ್ತು. ಅವನಿಗೆ ಅಳು ಬಂತು. ಮಿಲ್ಲಿಗೆ ಹೋಗಿ, ಅವ್ವನನ್ನು ದಿನಾ ಕಂಡವರು ಅಲ್ಲಿದ್ದಾರಲ್ಲ ಎಂದು ಗುಮಾಸ್ತ ಬೂದೆಪ್ಪನನ್ನು ಕೇಳಿದ. ಬೂದೆಪ್ಪ ಮಿಲ್ಲಿನ ಗಾದಿಯ ಮೇಲೆ ಕುಳಿತೇ ಮುದುಕನಾದವನು, ತೂಕಕ್ಕೆ ತಪ್ಪದ ಮನುಷ್ಯ.

"ಸುಳ್ಳು ಯಾಕ ಹೇಳಲಿ ತಮ್ಮ, ನಾ ಅಕಿ ನೆತ್ತಿ ನೋಡೀನಿ. ನೆತ್ತಿ ಬೇಕಂದ್ರ ಹೇಳ್ತೀನಿ, ಬೈತಲಿ ಎಡಕ್ಕ ಸ್ವಲ್ಪ ಸೊಟ್ಟ ಇತ್ತು."

ಬೂದೆಪ್ಪನ ತಲೆಯ ಮೇಲೆ, ಮಿಲ್ಲಿನ ಆಫೀಸಿನ ಗೋಡೆಯಲ್ಲಿ, ಆಳೆತ್ತರದ ಎಣ್ಣೆಬಣ್ಣದ ಚಿತ್ರವೊಂದಿತ್ತು. ಮಿಲ್ಲು ಕಟ್ಟಿಸಿದ ದೊಡ್ಡಪ್ಪ ಸಾಹುಕಾರರದು. ಬಸವಲಿಂಗರ ಅಜ್ಜ. ಕೆತ್ತನೆಯ ಕುರ್ಚಿ, ಜರಿ ರುಮಾಲು, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ. ಮತ್ತು ಕಣ್ಣು. ರೆಪ್ಪೆ ಸ್ವಲ್ಪ ಭಾರ, ಹುಬ್ಬಿನ ಕೆಳಗೆ ಆಳದಲ್ಲಿ ಕುಳಿತ, ಬೆಕ್ಕಿನ ಹಾಗೆ ತುಸು ಬೆಳ್ಳಗಿನ ಕಣ್ಣು. ಎಲ್ಲಿ ನಿಂತರೂ ಅಲ್ಲಿಗೇ ನೋಡುತ್ತಿದ್ದವು. ಹಮಾಲರು ಆ ಚಿತ್ರದ ಮುಂದೆ ಬೀಡಿ ಸೇದುತ್ತಿರಲಿಲ್ಲ.

ಕನಕರಾಯ ಬಾಯಿ ತೆರೆದು ಅದನ್ನೇ ನೋಡಿದ. ದೀಪಾವಳಿಯ ಪೂಜೆಗೆ ಬಂದಾಗ ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡದ್ದು ನೆನಪಾಯಿತು. ಅವ್ವನೂ ಹೀಗೇ ನೋಡಬೇಕು. ಕಂಪ್ಯೂಟರಿನದಲ್ಲ, ಎಣ್ಣೆಬಣ್ಣದ್ದೇ ಬೇಕು. ಒಬ್ಬ ಜವಾನನಿಗೆ ಈ ಆಸೆ ಹೆಚ್ಚಾಯಿತು ಎಂದು ಆಮೇಲೆ ಮಾನ್ವಿಯ ಎಲ್ಲ ಕಟ್ಟೆಗಳ ಮೇಲೂ ತೀರ್ಮಾನವಾಯಿತು.

ರಾಯಚೂರಿನಲ್ಲಿ ಮಲ್ಲೇಶನೆಂಬ ಕಲಾವಿದನಿದ್ದ. ಚಿತ್ರಕಲೆಯಲ್ಲಿ ಪದವಿ, ಗಡ್ಡ, ಹೆಗಲಿಗೊಂದು ಜೋಳಿಗೆ. ಪ್ರತಿ ಭಾನುವಾರ ಓದುಗರ ಬಳಗದಲ್ಲಿ ಕುಳಿತು ಕ್ರಾಂತಿಯನ್ನು ಚಹದ ಜೊತೆ ಅದ್ದಿ ತಿನ್ನುವವನು. ನಾವೂ ಅಲ್ಲೇ ಕುಳಿತವರಾದ್ದರಿಂದ ಅವನ ಬಗ್ಗೆ ಹೆಚ್ಚು ಹೇಳುವುದು ಚೆಂದವಲ್ಲ.

"ಕನಕರಾಯಣ್ಣ, ಭಾವಚಿತ್ರ ಅಂದ್ರ ಮುಖ ಅಲ್ಲ," ಎಂದ ಮಲ್ಲೇಶ. "ಅದೊಂದು ಪಠ್ಯ. ಒಂದು ಚಿತ್ರದ ಒಳಗ ಹಿಂದಿನ ಚಿತ್ರಗಳು ಕುಂತು ಮಾತಾಡ್ತಿರ್ತಾವ."

"ಮಾತಾಡೂದೇನು ಬ್ಯಾಡ್ರಿ. ನೋಡಿದ್ರ ಸಾಕು."

"ಹೆಂಗ ನೋಡಬೇಕು?"

ಕನಕರಾಯ ಖಾಜಾಮಿಯಾ ಹೊಡೆದ ಅವ್ವನ ಫೋಟೊ ಮುಂದಿಟ್ಟು, ಮೊಬೈಲು ತೆಗೆದು ತೋರಿಸಿದ. "ಹಿಂಗ್ರಿ. ಎತ್ತಾಗ ನಿಂತ್ರೂ ನೋಡ್ತಾರ ನೋಡ್ರಿ ದೊಡ್ಡ ಸಾವ್ಕಾರ್ರು. ನಮ್ಮವ್ವನೂ ಮಂದೀನ ಹಿಂಗ ನೋಡಬೇಕು."

ಮಲ್ಲೇಶ ಮೊಬೈಲನ್ನು ಕಸಿದುಕೊಂಡ. ಅವನ ಮುಖ ಅರಳಿತು. ಒಡೆಯನ ನೋಟವನ್ನು ಕಸ ಗುಡಿಸುವವಳ ಮುಖಕ್ಕೆ ತಂದು ಕೂಡಿಸುವುದು, ಒಂದು ವರ್ಗದ ಚಿತ್ರದಿಂದ ಇನ್ನೊಂದು ವರ್ಗದ ಚಿತ್ರಕ್ಕೆ ಉಲ್ಲೇಖ, ಅಸ್ಮಿತೆಯ ಮರುರಚನೆ ಎಂದು ಏನೇನೋ ಹೇಳುತ್ತ ಕೋಣೆ ತುಂಬ ಓಡಾಡಿದ. ಕನಕರಾಯನಿಗೆ ಅರ್ಥವಾದದ್ದು ಒಂದೇ. ಅವ್ವ ಕಣ್ಣು ತೆರೆಯುತ್ತಾಳೆ.

ತೆರೆದಳು. ಮುಗಿದ ಚಿತ್ರ ನೋಡಲು ಹೋದ ದಿನ ಕನಕರಾಯ ಹೊಸ್ತಿಲಲ್ಲೇ ಕುಸಿದು ಕುಳಿತ. ಕೆತ್ತನೆಯ ಕುರ್ಚಿಯಲ್ಲಿ, ಹೆಗಲಿಗೆ ಕಂಬಳಿ, ಹಣೆಗೆ ಭಂಡಾರ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವ್ವ ಅವನನ್ನೇ ನೋಡುತ್ತಿದ್ದಳು. ಖಾಜಾಮಿಯಾ ಹಚ್ಚಿದ ಯಾವ ಕಣ್ಣೂ ಆ ಮುಖದಲ್ಲಿ ಕೂಡಿರಲಿಲ್ಲ. ಇವು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂಡಿದ್ದವು.

"ನಮ್ಮವ್ವನ ಅದಾಳ್ರಿ," ಎಂದ. "ನೀವು ನೋಡಿರ್ಲಿಲ್ಲ, ಹೆಂಗ ಬರದ್ರಿ?"

"ಕಲೆ," ಎಂದ ಮಲ್ಲೇಶ ವಿನಯದಿಂದ. "ಒಂದು ಪ್ರದರ್ಶನಕ್ಕ ಇಡ್ತೀನಿ. ಆಮ್ಯಾಲ ನಿಮ್ಮ ಮನಿಗೇ ತಂದು ಕೊಡ್ತೀನಿ."

ಪ್ರದರ್ಶನ ರಾಯಚೂರಿನ ಒಂದು ಸಭಾಂಗಣದಲ್ಲಿ. ಕ್ರಾಂತಿಕಾರಿ ಚಿತ್ರಗಳ ಪ್ರದರ್ಶನವಾದ್ದರಿಂದ ಊಟದ ಖರ್ಚನ್ನು ರೈಸ್ ಮಿಲ್ಲಿನವರು ವಹಿಸಿಕೊಂಡಿದ್ದರು. ಹಾಗಾಗಿ ರಿಬ್ಬನ್ ಕತ್ತರಿಸಲು ಬಂದವರು ಮಾನ್ವಿಯ ಬಸವಲಿಂಗ ಸಾಹುಕಾರರು. ಜೊತೆಗೆ ಕತ್ತರಿಯ ತಟ್ಟೆ ಹಿಡಿದ ಬೂದೆಪ್ಪ.

ಸಾಹುಕಾರರು ಒಂದೊಂದೇ ಚಿತ್ರ ನೋಡಿ "ಚೊಲೊ ಅದ, ಚೊಲೊ ಅದ" ಎನ್ನುತ್ತ ಬಂದರು. ಕೊನೆಯ ಚಿತ್ರದ ಮುಂದೆ ನಿಂತರು. "ಚೊ" ಎಂದು ನಿಲ್ಲಿಸಿದರು. ಹಿಂದಿದ್ದ ಬೂದೆಪ್ಪ ಇಣುಕಿದ. ಅವನ ಕೈಯಿಂದ ತಟ್ಟೆ ಬಿತ್ತು.

"ಯಪ್ಪಾ, ದೊಡ್ಡ ಸಾವ್ಕಾರ್ರು ಸೀರಿ ಉಟ್ಕೊಂಡು ಕುಂತಾರಲ್ರಿ."

ತಟ್ಟೆಯ ಸದ್ದಿಗೆ ಇಡೀ ಸಭಾಂಗಣ ತಿರುಗಿತು. ಬೂದೆಪ್ಪ ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದ. "ಅಲ್ರಿ, ಇಕಿ ನಮ್ಮ ದುರುಗಿ. ಬೈತಲಿ ಎಡಕ್ಕ ಸೊಟ್ಟ ಅದ. ಆದ್ರ ಕಣ್ಣು..."

ಅವನು ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈ ಕಥೆಯೂ ಮುಗಿಯುತ್ತಿತ್ತು. ಮುಚ್ಚಿದ ಕೂಡ. ಆದರೆ ಮುಚ್ಚುವ ಮುಂಚೆ, ಪಾಪ, ತಿರುಗಿ ಬಸವಲಿಂಗರ ಮುಖ ನೋಡಿದ. ಅಲ್ಲಿದ್ದವರೆಲ್ಲ ನೋಡಿದರು. ಚಿತ್ರದ ಕಣ್ಣು ನೋಡಿದರು, ಸಾಹುಕಾರರ ಕಣ್ಣು ನೋಡಿದರು, ಮತ್ತೆ ಚಿತ್ರ ನೋಡಿದರು. ಬಸವಲಿಂಗರಿಗೂ ಅಜ್ಜನದೇ ಕಣ್ಣು. ಭಾರದ ರೆಪ್ಪೆ, ಬೆಕ್ಕಿನ ಬಣ್ಣ. ಒಂದು ಸಭಾಂಗಣದಷ್ಟು ಜನ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

ಸುದ್ದಿ ಸಂಜೆಯ ಬಸ್ಸಿಗೆ ಮಾನ್ವಿ ಮುಟ್ಟಿತು. ದುರುಗಿ ದೊಡ್ಡಪ್ಪ ಸಾಹುಕಾರರ ಹಿತ್ತಲ ಮಗಳಂತೆ ಎಂದು ಮಾನ್ವಿಯಲ್ಲಿ ಹೇಳಿದರು. ಸಿರವಾರ ಮುಟ್ಟುವಷ್ಟರಲ್ಲಿ ಸಾಹುಕಾರರು ಸಾಯುವಾಗ ಅರ್ಧ ಮಿಲ್ಲು ಅವಳಿಗೆ ಎಂದು ಬಾಯಲ್ಲಿ ಹೇಳಿದ್ದರು ಎಂದಾಯಿತು. ದೇವದುರ್ಗ ತಲುಪಿದಾಗ ಕನಕರಾಯ ಮಿಲ್ಲಿನ ಗಾದಿಯ ಮೇಲೆ ಕುಳಿತು ಬೂದೆಪ್ಪನಿಂದ ಕಾಲು ಒತ್ತಿಸಿಕೊಳ್ಳುತ್ತಿದ್ದ.

ನಿಜವಾದ ಕನಕರಾಯ ಆ ಹೊತ್ತಿನಲ್ಲಿ ಪಶು ಆಸ್ಪತ್ರೆಯಲ್ಲಿ ಒಂದು ಎಮ್ಮೆಯ ಬಾಲ ಹಿಡಿದು ನಿಂತಿದ್ದ. ಡಾಕ್ಟರರು ಎಮ್ಮೆಯನ್ನು ಬಿಟ್ಟು ಇವನ ಹತ್ತಿರ ಬಂದರು. ದನದ ಕಣ್ಣು ನೋಡುವ ಹಾಗೆ ಹೆಬ್ಬೆರಳಿನಿಂದ ರೆಪ್ಪೆ ಜಗ್ಗಿ, ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿದರು.

"ತಳಿ ಒಂದ ಅದ," ಎಂದರು.

ಅಂದಿನಿಂದ ಅವನಿಗೆ ಎದುರಾದವರೆಲ್ಲ ಕಣ್ಣಿಗೆ ಕಣ್ಣಿಟ್ಟು ನೋಡತೊಡಗಿದರು. ಹೋಟೆಲಿನವನು ಮೊದಲ ಬಾರಿ ಕುರ್ಚಿ ಒರೆಸಿ ಕೊಟ್ಟ, ಎರಡನೆಯ ದಿನ ಸಾಹುಕಾರರಿಗೆ ಹೆದರಿ ಕುರ್ಚಿಯನ್ನೇ ಎತ್ತಿಟ್ಟ. ಮನೆಯಲ್ಲಿ ಭಾಗ್ಯಜ್ಯೋತಿ ಗಂಡನನ್ನು ದೀಪದ ಬೆಳಕಿಗೆ ತಿರುಗಿಸಿ ನೋಡಿದಳು.

"ನಿಮ್ಮ ಕಣ್ಣಿನ ಬಣ್ಣ ಬೆಳ್ಳಗದ ಅಂತ ನಾ ಮದಿವ್ಯಾದಾಗ ಹೇಳಿದ್ದೆ. ಕಾಮಣಿ ಆಗ್ಯಾದ ಅಂತ ಔಷಧ ತಂದು ಕುಡದ್ರಿ ನೀವು."

"ಅದು ಸಾವ್ಕಾರ್ರ ಕಣ್ಣು. ಅವ್ವಂದಲ್ಲ. ನಾನ ಫೋಟೊ ಕೊಟ್ಟು ಬರಿಸೀನಿ," ಎಂದು ಕನಕರಾಯ ಕಂಡಕಂಡವರಿಗೆ ಹೇಳಿದಂತೆ ಅವಳಿಗೂ ಹೇಳಿದ. ಯಾರೂ ನಂಬಲಿಲ್ಲ. ಹೊಲ ಎರವಲು ತಂದವರನ್ನು, ಎತ್ತು ಎರವಲು ತಂದವರನ್ನು ಈ ತಾಲೂಕು ಕಂಡಿತ್ತು. ಕಣ್ಣು ಎರವಲು ತಂದವರನ್ನು ಕಂಡಿರಲಿಲ್ಲ.

ದೇವದುರ್ಗದಿಂದ ಅಯ್ಯಣ್ಣ ಜೀಪು ಮಾಡಿಕೊಂಡು ಬಂದ. ದುರುಗಮ್ಮನ ಚಿಕ್ಕಮ್ಮನ ಮಗ, ಬಿಳಿ ಅಂಗಿ, ಸಮಾಜದ ಮುಖಂಡ. ಅಕ್ಕ ಸತ್ತಾಗ ಮಣ್ಣಿಗೂ ಬರದವನು ಈಗ ಆಳುದ್ದದ ಹಾರ ತಂದಿದ್ದ.

"ನಮ್ಮ ಅಕ್ಕನ ರಕ್ತಕ್ಕ ಅರ್ಧ ಮಿಲ್ಲು ಬರಬೇಕು. ನಮ್ಮ ಸಮಾಜದ ಅಸ್ಮಿತಿ ಪ್ರಶ್ನಿ ಅದ ಇದು."

"ಮಾಮಾ, ನನಗ ಮಿಲ್ಲು ಬ್ಯಾಡ. ಅವ್ವನ ಚಿತ್ರ ಬೇಕು. ಎಡಿ ದಿನ ಬಂತು."

"ನೀ ಸುಮ್ನ ಕುಂದ್ರು. ನಿನಗೇನು ಬೇಕಂತ ನಿನಗ ತಿಳಿಯಂಗಿಲ್ಲ," ಎಂದು ಅಯ್ಯಣ್ಣ ಹಾರವನ್ನು ಜೀಪಿಗೆ ಹಾಕಿಕೊಂಡು ಮಿಲ್ಲಿನ ಕಡೆ ಹೊರಟ. ಬಸವಲಿಂಗರ ಕಡೆಯವರೂ ಸುಮ್ಮನೆ ಕುಳಿತಿರಲಿಲ್ಲ. ಲಿಂಗಪೂಜೆ ಬಿಡದೆ ಬದುಕಿದ ಹಿರಿಯರಿಗೆ ಕಳಂಕ ತಂದರು ಎಂದು ಮಲ್ಲೇಶನನ್ನು ಚಿತ್ರಸಮೇತ ರಾಯಚೂರಿನಿಂದ ಎತ್ತಿ ತಂದರು.

ಪಂಚಾಯಿತಿ ಮಿಲ್ಲಿನ ಅಂಗಳದಲ್ಲಿ ಕೂಡಿತು. ದುರುಗಮ್ಮ ಇಲ್ಲದ್ದರಿಂದ ಅಂಗಳ ಗುಡಿಸಿರಲಿಲ್ಲ, ಹೊಟ್ಟಿನ ಧೂಳು ಎಲ್ಲರ ಗಂಟಲಿಗೆ ಹೋಗುತ್ತಿತ್ತು. ಆಫೀಸಿನಿಂದ ದೊಡ್ಡಪ್ಪ ಸಾಹುಕಾರರ ಚಿತ್ರ ಇಳಿಸಿ ತಂದು ದುರುಗಮ್ಮನ ಚಿತ್ರದ ಪಕ್ಕಕ್ಕೆ ಇಟ್ಟರು. ಹೋಲಿಸಿ ನೋಡಿ ಹೋಲಿಕೆ ಇಲ್ಲ ಎಂದು ತೀರ್ಮಾನಿಸುವ ಉದ್ದೇಶವಿತ್ತು. ಪಕ್ಕಪಕ್ಕದಲ್ಲಿ ಇಟ್ಟ ಮೇಲೆ ಅದು ಬಹಳ ಅಚಾತುರ್ಯದ ಕೆಲಸ ಎಂದು ಎಲ್ಲರಿಗೂ ಅನಿಸಿತು. ಒಬ್ಬರು ಎದ್ದು ಹೋಗಿ ಎರಡರ ನಡುವೆ ಒಂದು ಭತ್ತದ ಚೀಲ ನಿಲ್ಲಿಸಿ ಬಂದರು.

"ಹೇಳಪ್ಪ ಕಲಾವಿದ. ಈ ಕಣ್ಣು ಎಲ್ಲಿಂದ ಬಂದ್ವು?" ಎಂದು ಬಸವಲಿಂಗರು ಕೇಳಿದರು.

"ಇದು ಉಲ್ಲೇಖ ಸರ್," ಎಂದ ಮಲ್ಲೇಶ. "ನಿಮ್ಮ ಅಜ್ಜನವರ ಚಿತ್ರದಿಂದ ತಗೊಂಡೀನಿ. ಸಮಕಾಲೀನ ಚಿತ್ರಕಲೆಯಲ್ಲಿ ಒಂದು ಭಾವಚಿತ್ರ ಇನ್ನೊಂದನ್ನು..."

"ಕೇಳದೆ ತಗೊಂಡಿ."

"ಉಲ್ಲೇಖಕ್ಕ ಕೇಳೂದಿಲ್ಲ ಸರ್."

"ಕಳವು ಅನ್ನು."

"ಕಳವಲ್ಲ, ಪ್ರತಿರೋಧ," ಎಂದ ಮಲ್ಲೇಶ. ಸಾಹುಕಾರರು ಮುಂದಿನ ಪ್ರದರ್ಶನದ ಊಟದ ವಿಷಯ ಎತ್ತಿದರು. ಪ್ರತಿರೋಧ ಅಲ್ಲಿಗೆ ಕುಳಿತುಕೊಂಡಿತು.

ಕಣ್ಣು ಬದಲಿಸಿದರಾಯಿತು ಎಂದು ಹಿರಿಯರು ದಾರಿ ತೆಗೆದರು. ಯಾರ ಕಣ್ಣು ಹಾಕುವುದು? ಹೆತ್ತ ಮಗನದೇ ಹಾಕಲಿ, ಧರ್ಮವೂ ಆಯಿತು ಎಂದ ಒಬ್ಬ. ಕನಕರಾಯನನ್ನು ಬಿಸಿಲಿಗೆ ನಿಲ್ಲಿಸಿ ಮುಖ ಎತ್ತಿಸಿದರು. ಎಲ್ಲರೂ ಬಗ್ಗಿ ನೋಡಿದರು. ನೋಡಿ ಒಬ್ಬೊಬ್ಬರಾಗಿ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಯಾರೂ ಆ ಮಾತು ಮತ್ತೆ ಎತ್ತಲಿಲ್ಲ.

ಆಗ ಮನೆಯ ಒಳಗಿನಿಂದ ಕೋಲೂರಿಕೊಂಡು ಶಿವಗಂಗಮ್ಮ ಬಂದಳು. ದೊಡ್ಡಪ್ಪ ಸಾಹುಕಾರರ ಮಗಳು, ಬಸವಲಿಂಗರ ಸೋದರತ್ತೆ. ಗಂಡ ಸತ್ತು ತವರಿಗೆ ಬಂದವಳನ್ನು ಒಳಕೋಣೆಯಲ್ಲಿ ಕೂಡಿಸಿದ ಮೇಲೆ ಊರು ಅವಳನ್ನು ಮರೆತಿತ್ತು. ಅವಳು ಯಾರನ್ನೂ ಮಾತಾಡಿಸದೆ ದುರುಗಮ್ಮನ ಚಿತ್ರದ ಮುಂದೆ ಹೋಗಿ ನಿಂತಳು. ಬೆರಳಿನಿಂದ ಆ ಕಣ್ಣಿನ ಕೆಳಗೆ ಮುಟ್ಟಿದಳು.

"ಬರೋಬರಿ ಬರದಾನ. ದುರುಗಿ ಕಣ್ಣು ಹಿಂಗ ಇದ್ವು."

"ಅತ್ತಿ, ಒಳಗ ನಡಿ," ಎಂದರು ಬಸವಲಿಂಗರು.

"ಸಣ್ಣಾಕಿ ಇದ್ದಾಗ ಒಮ್ಮಿ ತಲಿ ಎತ್ತಿ ನಮ್ಮಪ್ಪನ್ನ ನೋಡಿದ್ಳು. ಪಡಸಾಲ್ಯಾಗ ಮಂದಿ ಕುಂತಿದ್ರು. ಒಮ್ಮಿ ಅಕಿನ್ನ ನೋಡಿದ್ರು, ಒಮ್ಮಿ ಅಪ್ಪನ್ನ ನೋಡಿದ್ರು. ಅಪ್ಪ ಎದ್ದು ಹೋಗಿ ಅಕಿ ನೆತ್ತಿ ಮ್ಯಾಲ ಕೈ ಇಟ್ಟು ತಲಿ ತಗ್ಗಿಸಿದ. ಈ ಊರಾಗ ಅನ್ನ ಉಣಬೇಕಂದ್ರ ತಲಿ ಎತ್ತಬ್ಯಾಡ ಅಂದ. ಅಕಿ ಅವ್ವ ಹಿತ್ತಲದಾಗ ಕುಂತು ಅಳತಿದ್ಳು. ನಮ್ಮವ್ವ ಒಳಗ ಕುಂತು ಅಳತಿದ್ಳು."

ಕನಕರಾಯ ಬಾಯಿ ತೆರೆದು ಮುದುಕಿಯನ್ನು ನೋಡಿದ. ಅವಳ ಕಣ್ಣೂ ತುಸು ಬೆಳ್ಳಗಿದ್ದವು.

"ಅತ್ತಿಗೆ ಬುದ್ಧಿ ಸರಿ ಇಲ್ಲ," ಎಂದರು ಬಸವಲಿಂಗರು.

"ಬುದ್ಧಿ ಸರಿ ಇದ್ದಾಗ ಬಾಯಿ ತೆಗಿಗೊಡಲಿಲ್ಲ," ಎಂದಳು ಶಿವಗಂಗಮ್ಮ. "ಈಗ ಬಾಯಿ ತೆಗದ್ರ ಬುದ್ಧಿ ಇಲ್ಲಂತ." ಸೊಸೆಯಂದಿರು ಬಂದು ಅವಳನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಅಜ್ಜಿಗೆ ಬುದ್ಧಿ ಸರಿಯಿಲ್ಲ ಎಂಬ ಒಂದು ವಿಷಯದಲ್ಲಿ ಪಂಚರು ಆ ದಿನ ತಕರಾರಿಲ್ಲದೆ ಒಮ್ಮತಕ್ಕೆ ಬಂದರು. ಅಯ್ಯಣ್ಣನೂ ಬಂದ. ಅವನನ್ನು ಬೂದೆಪ್ಪ ಆಫೀಸಿನ ಹಿಂದಕ್ಕೆ ಕರೆದೊಯ್ದು ಮಾತಾಡಿಸಿದ್ದ. ಮಿಲ್ಲಿನ ಹೊಟ್ಟು ಸಾಗಿಸುವ ಕೆಲಸ ಇನ್ನು ಮುಂದೆ ಅಯ್ಯಣ್ಣನ ಲಾರಿಗಳಿಗೆ ಎಂದಾಗಿತ್ತು. ತಿರುಗಿ ಬಂದವನು ಗಂಟಲು ಸರಿ ಮಾಡಿಕೊಂಡ.

"ನಮ್ಮ ಅಕ್ಕನೂ ಮರ್ಯಾದಿವಂತಿ. ಅಕಿ ಅವ್ವನೂ ಮರ್ಯಾದಿವಂತಿ. ಸಾವ್ಕಾರ್ರ ಕಣ್ಣು ನಮಗ್ಯಾಕ ಬೇಕು? ತಗದ ಬಿಡ್ರಿ. ಇದು ನಮ್ಮ ಸಮಾಜದ ಅಸ್ಮಿತಿ ಪ್ರಶ್ನಿ ಅದ."

ಕಣ್ಣು ಮುಚ್ಚಿಸುವುದೆಂದು ಠರಾವಾಯಿತು. ಕನಕರಾಯ ಎದ್ದು ನಿಂತ.

"ಸಾವ್ಕಾರ್ರ, ನನಗ ಪಾಲು ಬ್ಯಾಡ, ಹೊಟ್ಟು ಬ್ಯಾಡ. ನಿಮ್ಮ ಮನಿ ಹೆಸರು ಬ್ಯಾಡ. ಅವ್ವಗ ಮಾತು ಕೊಟ್ಟೀನಿ. ಕಣ್ಣಷ್ಟ ಬಿಡ್ರಿ ಅಕಿಗೆ."

"ಕನಕ್ಯಾ, ನಿನಗೂ ಒಂದು ಮಾತು," ಎಂದರು ಬಸವಲಿಂಗರು. ದನಿ ಎತ್ತರಿಸಲಿಲ್ಲ. "ಮಿಲ್ಲಿನ ಮುಂದ ಹಾಯ್ದು ಹೋಗಾಗ ತಲಿ ತಗ್ಗಿಸಿ ಹೋಗು. ನಿಮ್ಮವ್ವ ಹೋಗ್ತಿದ್ಳಲ್ಲ, ಹಂಗ. ಅಕಿ ಒಳ್ಳ್ಯಾಕಿ ಇದ್ಳು."

ಮಲ್ಲೇಶ ಅಲ್ಲೇ ಭತ್ತದ ಚೀಲದ ಮೇಲೆ ಬಣ್ಣದ ಡಬ್ಬಿ ಇಟ್ಟುಕೊಂಡು ದುರುಗಮ್ಮನ ಕಣ್ಣು ಮುಚ್ಚಿದ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಬಹಳ ನುರಿತ ಕೈ. ಮುಚ್ಚಿದ ಕಣ್ಣು ಕೂಡ ಒಂದು ಬಗೆಯ ಪಠ್ಯವೇ ಎಂದು ಕನಕರಾಯನ ಕಿವಿಯಲ್ಲಿ ಹೇಳಿ ರಾಯಚೂರು ಬಸ್ಸು ಹಿಡಿದ.

ಎಡೆಯ ದಿನ ಬೆಳಿಗ್ಗೆ ಕನಕರಾಯ ಬಾಗಿಲಿನ ಎದುರಿನ ಗೋಡೆಗೆ ಮೊಳೆ ಹೊಡೆದು ಚಿತ್ರ ಎತ್ತಿಕೊಂಡ. ಭಾಗ್ಯಜ್ಯೋತಿ ಅಡ್ಡ ಬಂದಳು.

"ಹೆಣ ಒಮ್ಮಿ ಆ ಗ್ವಾಡಿಗೆ ಕಟ್ಟಿದ್ದು ಸಾಕು. ಇನ್ನೊಮ್ಮಿ ಕಟ್ಟಬ್ಯಾಡ್ರಿ."

"ಮತ್ತೇನ್ ಹಾಕ್ಲಿ? ಮಾತು ಕೊಟ್ಟೀನಿ."

"ಅತ್ತಿಗೆ ಬಂದವ್ರ ಮಾರಿ ನೋಡಬೇಕಿತ್ತು ಹೌದಿಲ್ಲ?" ಅವಳು ಒಳಗೆ ಹೋಗಿ ತನ್ನ ಮದುವೆಯ ಕನ್ನಡಿ ತಂದಳು. "ಇದನ್ನ ಹಾಕ್ರಿ. ಇದು ಎಲ್ಲಾರ ಮಾರಿ ನೋಡ್ತದ. ನೀವು ಎದರಿಗೆ ನಿಂತ್ರಂತೂ ಅಕಿ ಕಣ್ಣು ತೆರದ ಇರ್ತಾವ. ಅದಕ್ಯಾರು ಬಣ್ಣ ಹಚ್ತಾರ ನೋಡೂಣು."

ಕನಕರಾಯ ಕನ್ನಡಿಯ ಎದುರು ನಿಂತ. ಜೀವನದಲ್ಲಿ ಅವನು ದಾಡಿ ನೋಡಿಕೊಂಡಿದ್ದ, ಹಲ್ಲು ನೋಡಿಕೊಂಡಿದ್ದ. ಆ ದಿನ ಕಣ್ಣು ನೋಡಿದ. ಬಹಳ ಹೊತ್ತು ನೋಡಿದ. ಚಿತ್ರವನ್ನು ಅವ್ವನ ಕಂಬಳಿಯಲ್ಲೇ ಸುತ್ತಿ ಮೂಲೆಗೆ ಇಟ್ಟು, ಕನ್ನಡಿಯನ್ನು ಮೊಳೆಗೆ ತಗುಲಿಸಿ, ಹಾರ ಹಾಕಿ, ಊದುಬತ್ತಿ ಹಚ್ಚಿದ.

ಎಡೆಗೆ ಬಂದ ನೆಂಟರು ಒಳಗೆ ಕಾಲಿಟ್ಟು ಕೈ ಮುಗಿದು ತಲೆ ಎತ್ತಿದರೆ, ಹಾರದ ಒಳಗೆ ತಮ್ಮದೇ ಮುಖ. ಪಕ್ಕದ ಮನೆಯ ಮುದುಕಿ ತಾನು ಸತ್ತೆನೆಂದೇ ತಿಳಿದು ಬಾಗಿಲಲ್ಲಿ ಕುಳಿತು ಅತ್ತಳು. ಖಾಜಾಮಿಯಾ ಹಾರ ಸರಿಸಿ ತಲೆ ಬಾಚಿಕೊಂಡ. ಇವನಿಗೆ ಪೂರ್ತಿ ತಲೆ ಕೆಟ್ಟಿದೆ ಎಂದು ಉಳಿದವರು ಊಟಕ್ಕೆ ಕುಳಿತರು.

ಊಟದ ನಡುವೆ ಹೊರಗೆ ಕಾರು ನಿಂತಿತು. ಬಸವಲಿಂಗ ಸಾಹುಕಾರರು ಸ್ವತಃ ಬಂದಿದ್ದರು. ಎಡೆಗಲ್ಲ, ಠರಾವು ಪಾಲನೆಯಾಗಿದೆಯೇ ನೋಡಲು. ಬೂದೆಪ್ಪ ಅವರ ಚಪ್ಪಲಿ ಕಾಯುತ್ತ ಹೊರಗೇ ನಿಂತ. ಸಾಹುಕಾರರು ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದರು. ಬಿಸಿಲಿನಿಂದ ಬಂದವರಿಗೆ ಕತ್ತಲು. ಎದುರಿಗೆ ಹಾರ, ಊದುಬತ್ತಿಯ ಹೊಗೆ, ಹೊಗೆಯ ಒಳಗೆ ತಮ್ಮನ್ನೇ ನೋಡುತ್ತಿರುವ ಎರಡು ಕಣ್ಣು. ಅವರಿಗೆ ಸಿಟ್ಟು ಬಂತು.

"ಏ ಕನಕ್ಯಾ, ಕಣ್ಣು ತೆರದಾವಲ್ಲಲೇ."

"ಅದು ಕನ್ನಡಿರಿ ಸಾವ್ಕಾರ್ರ," ಎಂದ ಕನಕರಾಯ. ಅವನು ತಲೆ ತಗ್ಗಿಸಿರಲಿಲ್ಲ. ಇದು ಮಿಲ್ಲಿನ ಮುಂದಿನ ರಸ್ತೆಯಾಗಿರಲಿಲ್ಲ.

ಸಾಹುಕಾರರು ಇನ್ನೊಂದು ಹೆಜ್ಜೆ ಮುಂದೆ ಬಂದರು. ಹೊಗೆ ಸರಿಯಿತು. ಭಾರದ ರೆಪ್ಪೆ, ಬೆಕ್ಕಿನ ಬಣ್ಣ. ಅವರ ಹೆಗಲ ಹಿಂದೆ, ಅದೇ ಕನ್ನಡಿಯಲ್ಲಿ, ಕನಕರಾಯನ ಮುಖ. ಅಲ್ಲೂ ಅವೇ. ಊಟಕ್ಕೆ ಕುಳಿತವರ ಕೈ ಬಾಯಿಯ ಹತ್ತಿರ ನಿಂತವು.

ಹೊರಗಿನಿಂದ ಬೂದೆಪ್ಪ ಕೂಗಿದ. "ಮುಚ್ಯಾವೇನ್ರಿ ಯಪ್ಪಾ?"

ಬಸವಲಿಂಗ ಸಾಹುಕಾರರು ಕನ್ನಡಿಯ ಮುಂದೆ ನಿಂತೇ ಇದ್ದರು.

"ಹೂಂ. ಮುಚ್ಯಾವ," ಎಂದರು, ಕಣ್ಣು ಮುಚ್ಚಿಕೊಂಡು.